ಗೋಣಿಯ ತಳ ಕಾಣದ ಸಂತೆ

ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ ಗೋಣಿ ಇಳಿಸಿದ ಕೂಡಲೇ ಯಾರೂ ದರ ಹೇಳುವುದಿಲ್ಲ. ಅಂಗಡಿಯವರು ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ, ಅಡಕತ್ತರಿಯಲ್ಲಿ ಎರಡು ಸೀಳಿ ಒಳಗಿನ ಬಿಳುಪು ನೋಡುತ್ತಾರೆ. "ಭಟ್ರೇ, ಮೇಲೆ ಒಳ್ಳೇದುಂಟು, ಅಡಿಯಲ್ಲಿ ಪಟೋರವೇ ಅಲ್ವಾ?" ಪಟೋರ ಅಂದರೆ ಕಳಪೆ ಅಡಿಕೆ.

ಸರಕಿನ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಇದರಿಂದ ಏನಾಗುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದರು. ಮೋಸದ ಭಯಕ್ಕೆ ಕೊಳ್ಳುವವರು ದರ ಇಳಿಸುತ್ತಾರೆ, ಆ ದರಕ್ಕೆ ಒಳ್ಳೆ ಸರಕಿನವರು ಬರುವುದಿಲ್ಲ, ಕೊನೆಗೆ ಸಂತೆಯಲ್ಲಿ ಉಳಿಯುವುದು ಬರೀ ಪಟೋರ.

ಹಾಗಿದ್ದರೆ ಅಂತರ್ಜಾಲದ ಕಳ್ಳಸಂತೆ ಶುರುವಾದ ವಾರಕ್ಕೇ ಮುಚ್ಚಬೇಕಿತ್ತು. ಅಲ್ಲಿ ಗೋಣಿಗೆ ಕೈ ಹಾಕುವಂತಿಲ್ಲ, ಮುಖ ಕಾಣುವುದಿಲ್ಲ, ಮೋಸ ಹೋದೆನೆಂದು ಠಾಣೆಗೆ ಹೋದರೆ ಹೋದವನೇ ಒಳಗೆ. ಆದರೂ 2011ರಲ್ಲಿ ಶುರುವಾದ ಸಿಲ್ಕ್ ರೋಡ್ ಎಂಬ ಕಳ್ಳಸಂತೆ, 2013ರ ಅಕ್ಟೋಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಬೀಗ ಹಾಕುವ ತನಕ ಮಾದಕವಸ್ತು ಮಾರುತ್ತ ಭರ್ಜರಿಯಾಗಿಯೇ ನಡೆಯಿತು.

ಹೇಗೆ? ಕೊಳ್ಳುವವನು ಕೊಟ್ಟ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ, ಸರಕು ಕೈಸೇರುವ ತನಕ ಸಂತೆ ನಡೆಸುವವನ ಬಳಿ ಇರುತ್ತಿತ್ತು. ಆಮೇಲೆ ಕೊಂಡವನು ಮಾರಿದವನಿಗೆ ಕೊಡುವ ಅಂಕ. ಅಂಕ ಗಳಿಸಿದ ಹೆಸರೇ ಬಂಡವಾಳ. ಒಂದು ಪೊಟ್ಟಣದಲ್ಲಿ ಹೊಡೆಯುವ ದುಡ್ಡಿಗಿಂತ ಆ ಹೆಸರಲ್ಲಿ ಮುಂದೆ ಆಗುವ ವ್ಯಾಪಾರ ದೊಡ್ಡದು. ಹಾಗಾಗಿ ಕಳ್ಳನೂ ತೂಕ ಸರಿ ಇಡುತ್ತಾನೆ. (ಪ್ರಾಮಾಣಿಕತೆ ಅನ್ನಬೇಡಿ, ಲೆಕ್ಕಾಚಾರ.) ನನಗೆ ಸೋಜಿಗವೆನಿಸಿದ್ದು ಬೇರೆ: ಒಂದು ಸಂತೆ ಮುಚ್ಚಿದರೂ ಹೆಸರು ಸಾಯುವುದಿಲ್ಲ. ಪಿಜಿಪಿ ಎಂಬ ಗೂಢಲಿಪಿಯಲ್ಲಿ, ತನ್ನ ಬಳಿ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಸಹಿ ಹಾಕಿ, ಮುಂದಿನ ಸಂತೆಯಲ್ಲಿ "ನಾನೇ ಅವನು" ಎಂದು ಮುಖ ತೋರಿಸದೆ ಸಾಬೀತು ಮಾಡಬಹುದು.

ಆದರೆ ಈ ಲೆಕ್ಕ ನಿಂತಿರುವುದು 'ಮುಂದೆಯೂ ವ್ಯಾಪಾರ ಉಂಟು' ಎಂಬುದರ ಮೇಲೆ. ತೋಟ ಮಾರಿ ಊರು ಬಿಡುವವನ ಕೊನೆಯ ಗೋಣಿಗೆ ಅಂಗಡಿಯವರು ಇನ್ನೂ ಆಳಕ್ಕೆ ಕೈ ಹಾಕುವುದು ಸುಮ್ಮನೆ ಅಲ್ಲ. 2015ರ ಮಾರ್ಚ್‌ನಲ್ಲಿ ಎವಲ್ಯೂಷನ್ ಎಂಬ ಸಂತೆ ನಡೆಸುತ್ತಿದ್ದವರು ಒತ್ತೆಯಿದ್ದ ದುಡ್ಡೆಲ್ಲ ಬಾಚಿಕೊಂಡು ಮಾಯವಾದರು. ಇಂಥ ಮೋಸಕ್ಕೆ ಮದ್ದಾಗಿ ಹಣಕ್ಕೆ ಮೂರು ಕೀಲಿ ಮಾಡಿ, ಕೊಳ್ಳುವವನಿಗೆ, ಮಾರುವವನಿಗೆ, ಸಂತೆಯವನಿಗೆ ಒಂದೊಂದು ಕೊಟ್ಟು, ಎರಡು ಸೇರಿದರೆ ಮಾತ್ರ ತೆರೆಯುವ ಉಪಾಯವೂ ಇತ್ತು.

ಕೀಲಿ ದುಡ್ಡನ್ನು ಕಾಯಬಹುದು, ಸಂತೆಯ ಒಡೆಯ ಯಾರೆಂದು ಹೇಳಲಾರದು. 2017ರ ಜುಲೈಯಲ್ಲಿ ಆಲ್ಫಾಬೇ ಎಂಬ ಸಂತೆ ಮುಚ್ಚಿದಾಗ ಗಿರಾಕಿಗಳು ಹಾನ್ಸಾ ಸಂತೆಗೆ ಮುಗಿಬಿದ್ದರು. ಅದನ್ನು ಅಷ್ಟರಲ್ಲೇ ನೆದರ್‌ಲ್ಯಾಂಡ್ಸ್ ಪೊಲೀಸರು ಗುಟ್ಟಾಗಿ ವಶಕ್ಕೆ ತೆಗೆದುಕೊಂಡಿದ್ದರು. ಸುಮಾರು ಒಂದು ತಿಂಗಳು ಸಂತೆ ನಡೆಸಿದ್ದು ಅವರೇ, ಜಗಳ ತೀರಿಸಿದ್ದೂ ಅವರೇ. ಗಿರಾಕಿಗಳು ಟೈಪ್ ಮಾಡಿದ ಮನೆ ವಿಳಾಸಗಳು ಒಂದೊಂದಾಗಿ ಪೊಲೀಸರ ಕಡತ ಸೇರುತ್ತಿದ್ದವು.