ಮೆಣಸಿನ ಎಲೆ ಸೆಮ್ ಒಳಗೆ ಹೋಗುವ ಮುನ್ನ

ಬ್ಯಾಡಗಿ, ಹಾವೇರಿ ಕಡೆಯ ಹೊಲಗಳ ಮುಟುರು ರೋಗದ ಮೆಣಸಿನ ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಧಾರವಾಡದ ಲ್ಯಾಬಿಗೆ ತಂದರೆ ಅರ್ಧ ಕೆಲಸ ದಾರಿಯಲ್ಲೇ ಕೆಟ್ಟಿರುತ್ತದೆ. ಎರಡು-ಮೂರು ತಾಸಿನಲ್ಲಿ ಎಲೆ ಬಾಡಿ ಜೀವಕೋಶ ಕುಸಿಯುತ್ತದೆ. ಥ್ರಿಪ್ಸ್ ಕೀಟ ಕೆರೆದ ಗಾಯ ಯಾವುದು, ಬಾಡಿದ ಸುಕ್ಕು ಯಾವುದು ಎಂದು ಆಮೇಲೆ ಯಾವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪೂ (ಸೆಮ್) ಹೇಳಲಾರದು.

ಫಿಕ್ಸೇಶನ್, ಅಂದರೆ ಜೀವಕೋಶ ಇದ್ದ ಹಾಗೇ ಉಳಿಯುವಂತೆ ರಾಸಾಯನಿಕದಿಂದ ಹಿಡಿದಿಡುವ ಕೆಲಸ, ಹೊಲದಲ್ಲೇ ಶುರುವಾಗಬೇಕು. 0.1 ಮೋಲಾರ್ ಫಾಸ್ಫೇಟ್ ಬಫರಿನಲ್ಲಿ (ಪಿಎಚ್ 7.2) ಮಾಡಿದ 2.5% ಗ್ಲುಟರಾಲ್ಡಿಹೈಡ್ ದ್ರಾವಣವನ್ನು ಬಿಗಿ ಮುಚ್ಚಳದ ವಯಲ್‌ಗಳಲ್ಲಿ ತುಂಬಿ ಐಸ್ ಪೆಟ್ಟಿಗೆಯಲ್ಲಿ ಒಯ್ಯಿರಿ. ಕೈಗೆ ನೈಟ್ರೈಲ್ ಗ್ಲೋವ್ಸ್ ಇರಲೇಬೇಕು. ಗ್ಲುಟರಾಲ್ಡಿಹೈಡ್ ಆವಿ ಕಣ್ಣು, ಮೂಗು ಉರಿಸುತ್ತದೆ. ಹೊಸ ಬ್ಲೇಡಿನಿಂದ 3–5 ಮಿ.ಮೀ. ಚೂರು ಕತ್ತರಿಸಿ ತಕ್ಷಣ ಮುಳುಗಿಸಿ. ದ್ರಾವಣ ಚೂರಿನ ಹತ್ತು ಪಟ್ಟಾದರೂ ಇರಲಿ. ಲ್ಯಾಬಿನಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಸಾಕು.

ಮರುದಿನ ಬಫರಿನಲ್ಲಿ 10–15 ನಿಮಿಷದಂತೆ ಮೂರು ಸಲ ತೊಳೆದು, ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲೂ ತೊಳೆಯಿರಿ. ಬಹಳ ಮಂದಿ ಈ ಕೊನೆಯ ತೊಳೆತ ಬಿಡುತ್ತಾರೆ. ಉಳಿದ ಫಾಸ್ಫೇಟ್ ಆಲ್ಕೋಹಾಲಿನಲ್ಲಿ ಹರಳುಗಟ್ಟಿ ಎಲೆಯ ಮೇಲೆ ಕೂರುತ್ತದೆ. ಅದನ್ನೇ ರೋಗದ ಗುರುತೆಂದು ಪ್ರಬಂಧದಲ್ಲಿ ಬರೆದುಬಿಡುವ ಅಪಾಯ ಇದೆ.

ಇನ್ನು ನೀರು ತೆಗೆಯುವುದು. ಎಥನಾಲ್ 30, 50, 70, 90 ಪ್ರತಿಶತ, ಒಂದೊಂದರಲ್ಲಿ 10–15 ನಿಮಿಷ. ಆಮೇಲೆ ಶುದ್ಧ ಎಥನಾಲ್ ಮೂರು ಸಲ. ಮಳೆಗಾಲದ ಧಾರವಾಡದಲ್ಲಿ ತೆರೆದಿಟ್ಟ ಶುದ್ಧ ಎಥನಾಲ್ ಗಾಳಿಯ ತೇವ ಹೀರಿ ಶುದ್ಧವಾಗಿ ಉಳಿಯುವುದಿಲ್ಲ. ಕೊನೆಯ ಬದಲಾವಣೆಗೆ ಹೊಸ ಬಾಟಲಿಯನ್ನೇ ತೆರೆಯಿರಿ. ಎಥನಾಲನ್ನು ಹಾಗೇ ಆರಲು ಬಿಟ್ಟರೆ ಆರುವ ದ್ರವದ ಮೇಲ್ಮೈ ಎಳೆತಕ್ಕೆ ಎಲೆಯ ರೋಮಗಳು ಮಲಗಿಬಿಡುತ್ತವೆ. ಕ್ರಿಟಿಕಲ್ ಪಾಯಿಂಟ್ ಡ್ರೈಯರಿನಲ್ಲಿ ಎಥನಾಲಿನ ಜಾಗಕ್ಕೆ ತುಂಬಿದ ದ್ರವ ಇಂಗಾಲದ ಡೈಆಕ್ಸೈಡ್ 31 ಡಿಗ್ರಿ, 73 ವಾತಾವರಣ ಒತ್ತಡ ದಾಟಿದಾಗ ದ್ರವ-ಅನಿಲದ ಗಡಿಯೇ ಇಲ್ಲವಾಗುತ್ತದೆ, ಎಳೆತವೂ ಇರುವುದಿಲ್ಲ. ಆ ಯಂತ್ರ ಇಲ್ಲದಿದ್ದರೆ ಎಚ್‌ಎಂಡಿಎಸ್ (ಹೆಕ್ಸಾಮೀಥೈಲ್‌ಡೈಸಿಲಜೇನ್) ಎಂಬ ದ್ರವವೂ ಆಗುತ್ತದೆ: ಎಥನಾಲ್ ಜೊತೆ ಸಮಪಾಲು ಒಮ್ಮೆ, ಶುದ್ಧದ್ದು ಎರಡು ಸಲ, ಆಮೇಲೆ ಫ್ಯೂಮ್ ಹುಡ್‌ನಲ್ಲೇ ಆರಬೇಕು. ಆದರೆ ನೋಡಬೇಕಾದ್ದು ಎಲೆಯ ಮೇಣದ ಪದರವಾದರೆ ಈ ಯಾವ ದಾರಿಯೂ ಬೇಡ, ದ್ರಾವಕಗಳು ಮೇಣವನ್ನು ಕರಗಿಸುತ್ತವೆ. ಆಗ ಗಾಳಿಯಲ್ಲಿ ಒಣಗಿಸಿದ ಎಲೆಯೇ ವಾಸಿ, ಸುಕ್ಕನ್ನು ಸಹಿಸಿಕೊಳ್ಳಬೇಕು.

ಒಣಗಿದ ಚೂರನ್ನು ಅಲ್ಯೂಮಿನಿಯಂ ಸ್ಟಬ್‌ (ಮಾದರಿ ಕೂರಿಸುವ ಪುಟ್ಟ ಪೀಠ) ಮೇಲೆ ಕಾರ್ಬನ್ ಟೇಪಿನಿಂದ ಕೂರಿಸಿ. ಚೂರಿನ ಅಂಚಿನಿಂದ ಸ್ಟಬ್‌ವರೆಗೆ ಸಿಲ್ವರ್ ಪೇಂಟಿನ ಸಣ್ಣ ಗೆರೆ ಎಳೆಯಿರಿ. ವಿದ್ಯುತ್ ಹರಿಯಲೆಂದು ಆಮೇಲೆ ಹಚ್ಚುವ ಚಿನ್ನದ ಲೇಪ ಎದ್ದು ನಿಂತ ಅಂಚಿನ ಕೆಳಗೆ ತಲುಪದು, ಎಲೆಕ್ಟ್ರಾನಿಗೆ ಇಳಿಯಲು ದಾರಿ ಇರದು. ಚಿತ್ರದಲ್ಲಿ ಬಿಳಿ ಪಟ್ಟೆ ಹಾಯ್ದು, ಚಿತ್ರ ತಾನೇ ಜರುಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಈ ಗೆರೆಯನ್ನೇ. ಚಿನ್ನ 10–15 ನ್ಯಾನೋಮೀಟರ್ ಸಾಕು, ದಪ್ಪವಾದರೆ ಸೂಕ್ಷ್ಮ ರಚನೆ ಮುಚ್ಚಿಹೋಗುತ್ತದೆ. ಇಷ್ಟಾದರೂ ಚಾರ್ಜ್ ಆಗುತ್ತಿದ್ದರೆ ವೋಲ್ಟೇಜನ್ನು 5 ಕಿಲೋವೋಲ್ಟಿಗೆ ಇಳಿಸಿ ನೋಡಿ.

ನೋಡುವುದು ಎಲೆಯಲ್ಲ, ಗದಗಿನ ಎರೆಮಣ್ಣಾದರೆ ಫಿಕ್ಸೇಶನ್ ಬೇಕಿಲ್ಲ, ಅದರ ಜೇಡಿ ಹಿಡಿದಿಟ್ಟ ನೀರನ್ನು ಮಾತ್ರ ಓವನ್‌ನಲ್ಲಿ ಚೆನ್ನಾಗಿ ಆರಿಸಬೇಕು. ಟೇಪಿನ ಮೇಲೆ ತೆಳ್ಳಗೆ ಉದುರಿಸಿ, ರಬ್ಬರ್ ಬಲ್ಬಿನಿಂದ ಊದಿ ಸಡಿಲ ಪುಡಿ ಹಾರಿಸಿ. ಇಲ್ಲವಾದರೆ ಅದು ಸೆಮ್‌ನ ಕಾಲಂ (ಎಲೆಕ್ಟ್ರಾನ್ ಹಾಯುವ ಕೊಳವೆ) ಒಳಗೆ ಹಾರುತ್ತದೆ. ಅದೇ ಮಣ್ಣಿನ ರಂಜಕ, ಗಂಧಕವನ್ನು ಇಡಿಎಕ್ಸ್‌ನಲ್ಲಿ (ಎಕ್ಸ್-ರೇ ಶಕ್ತಿಯಿಂದ ಧಾತು ಗುರುತಿಸುವ ವಿಧಾನ) ಅಳೆಯುವವರು ಚಿನ್ನ ಹಚ್ಚಿಸಬಾರದು: ಚಿನ್ನದ 2.12 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಎಕ್ಸ್-ರೇ ಗೆರೆ ರಂಜಕದ 2.01, ಗಂಧಕದ 2.31ರ ನಡುವೆ ಬಂದು ಎರಡನ್ನೂ ಮುಚ್ಚುತ್ತದೆ. ಅದಕ್ಕೆ ಕಾರ್ಬನ್ ಲೇಪ ಕೇಳಿ, ಆಗ ಮಣ್ಣಿನ ಇಂಗಾಲದ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.