ಕಾನೂನಿನಿಂದ ತೆಗೆದರೂ ಹೋಗದ ಬೇ, ಪಾಷಾ, ಎಫೆಂದಿ

1934ರ ನವೆಂಬರ್ 26ರಂದು ಟರ್ಕಿಯ ಸಂಸತ್ತು ಒಂದು ಪುಟ್ಟ ಕಾನೂನು ಪಾಸು ಮಾಡಿತು. ಆಗಾ, ಹಾಜಿ, ಹಾಫಿಜ್, ಹೋಜಾ, ಮುಲ್ಲಾ, ಎಫೆಂದಿ, ಬೇ, ಪಾಷಾ, ಹನಿಮ್, ಹೆಸರಿಗೆ ಅಂಟಿಸುವ ಈ ಗೌರವಪದಗಳೆಲ್ಲವೂ ರದ್ದು. ಸರ್ಕಾರಿ ಕಾಗದದಲ್ಲಿ ಗಂಡಾಗಲಿ ಹೆಣ್ಣಾಗಲಿ, ಇನ್ನು ಬರೀ ಹೆಸರು. ಎಲ್ಲರೂ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಇಟ್ಟುಕೊಳ್ಳಬೇಕು ಎಂಬ ಕಾನೂನು ಅದೇ ಜೂನ್‌ನಲ್ಲಿ ಬಂದಿತ್ತು. ದೇಶದ ಮೊದಲ ಅಧ್ಯಕ್ಷ ಮುಸ್ತಫಾ ಕೆಮಾಲ್ ಪಾಷಾಗೆ 'ಅತಾತುರ್ಕ್' ಎಂಬ ಅಡ್ಡಹೆಸರು ಸಿಕ್ಕಿ ಆಗಿನ್ನೂ ಎರಡು ದಿನ.

ಅಲ್ಲಿಯವರೆಗೆ ಹೆಸರಿಗೆ ಅಂಟಿದ ಬಾಲವೇ ಆಳಿನ ಅಂತಸ್ತು ಹೇಳಿಬಿಡುತ್ತಿತ್ತು. ಬೇ ತುಂಬಾ ಹಳೆಯದು, ತುರ್ಕಿ ಕುಲಗಳ ನಾಯಕನಿಗೆ ಸಲ್ಲುತ್ತಿದ್ದದ್ದು. ಒಟ್ಟೋಮನ್ ವಂಶದ ಮೂಲಪುರುಷ ಉಸ್ಮಾನ್ ಕೂಡ ಉಸ್ಮಾನ್ ಬೇ. ನಮ್ಮ ಕಡೆಯ ಬೇಗಂ ಅದೇ ಬೇರಿನದು. ಪಾಷಾ ಅನ್ನೋದು ಸೇನಾಪತಿಗಳಿಗೆ, ಪ್ರಾಂತ್ಯದ ಅಧಿಕಾರಿಗಳಿಗೆ ಸುಲ್ತಾನ ಕೊಡುತ್ತಿದ್ದ ಬಿರುದು. ಅಪ್ಪನಿಂದ ಮಗನಿಗೆ ತಾನಾಗಿ ಬರುತ್ತಿರಲಿಲ್ಲ. ಸುಲ್ತಾನನ ಖಾಸಾ ಕಾಲಾಳುಗಳಾದ ಜಾನಿಸರಿ ಪಡೆಯ ಮುಖ್ಯಸ್ಥ ಆಗಾ, ಹಳ್ಳಿಯ ದೊಡ್ಡ ಜಮೀನ್ದಾರನೂ ಆಗಾ.

ಇವುಗಳಲ್ಲಿ ಎಫೆಂದಿಯ ಕಥೆಯೇ ಸ್ವಾರಸ್ಯ. ಗ್ರೀಕಿನಿಂದ ಬಂದ ಈ ಪದಕ್ಕೆ ಒಡೆಯ ಎಂದು ಅರ್ಥ. ಓದುಬರಹ ಬಲ್ಲವರಿಗೆ, ಧರ್ಮಪಂಡಿತರಿಗೆ ಹೇಳುತ್ತಿದ್ದರು. ರಾಜಕುಮಾರರ ಹೆಸರಿಗೂ ಅದೇ ಅಂಟಿತ್ತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಇವತ್ತು ಇಸ್ತಾಂಬುಲ್‌ನಲ್ಲಿ 'ಹಸನ್ ಎಫೆಂದಿ' ಅಂದರೆ ಅಪಾರ್ಟ್‌ಮೆಂಟ್ ನೋಡಿಕೊಳ್ಳುವ ಹಸನ್ ಇರಬೇಕು ಅಂದುಕೊಳ್ಳುತ್ತಾರೆ. ಬ್ಯಾಂಕ್ ಮ್ಯಾನೇಜರ್‌ಗೆ ಹಾಗಂದರೆ ಮುಖ ಗಂಟಿಕ್ಕಿಕೊಳ್ಳುತ್ತಾರೆ, ಅವರು ಹಸನ್ ಬೇ ಆಗಬೇಕು! ಆದರೆ ಫೋನ್ ಎತ್ತಿದ ಕೂಡಲೇ ಎಲ್ಲರೂ ಹೇಳುವುದು 'ಎಫೆಂದಿಮ್?', ಅಂದರೆ 'ನನ್ನ ಒಡೆಯಾ?' ಒಡೆಯನ ನೆನಪು ಮಾತ್ರ ಯಾರಿಗೂ ಇಲ್ಲ.

ಹಳೆಯದನ್ನು ತೆಗೆದ ಮೇಲೆ ಹೊಸದು ಬೇಕಲ್ವಾ? ಗಂಡಸರಿಗೆ ಬಾಯ್, ಹೆಂಗಸರಿಗೆ ಬಾಯಾನ್ ಎಂಬ ಪದಗಳು ಬಂದವು. ಬೇ ಹೆಸರಿನ ಹಿಂದೆ ಕೂರುತ್ತಿತ್ತು, ಇವು ಯುರೋಪಿನ ಥರ ಮುಂದೆ. ನಾಲಿಗೆಗೆ ಅದು ಒಗ್ಗಲೇ ಇಲ್ಲ. ನಾವು ರಮೇಶಣ್ಣ, ಸುಮಕ್ಕ ಅನ್ನುವವರಿಗೆ ನಾಳೆಯಿಂದ ಅಣ್ಣನನ್ನು ಹೆಸರಿನ ಮುಂದೆ ತನ್ನಿ ಅಂದರೆ ಹೇಗಿರುತ್ತೆ? ಜನ ಮೆಹ್ಮೆತ್ ಬೇ, ಆಯ್ಶೆ ಹನಿಮ್ ಅನ್ನುತ್ತಲೇ ಉಳಿದರು, ಅದೂ ಅಡ್ಡಹೆಸರಿಗಲ್ಲ, ಇಟ್ಟ ಹೆಸರಿಗೆ. ಬಾಯ್ ಈಗ ಕಣ್ಣಿಗೆ ಬೀಳುವುದು ಹೆಚ್ಚಾಗಿ ಶೌಚಾಲಯದ ಬಾಗಿಲ ಮೇಲೆ. ಬಾಯಾನ್ ಮಾತಿನಲ್ಲಿ ಉಳಿದಿದೆ, ಆದರೆ ಸ್ತ್ರೀವಾದಿಗಳಿಗೆ ಅದು ಇಷ್ಟವಿಲ್ಲ. ನೇರವಾಗಿ 'ಕಾದಿನ್', ಹೆಣ್ಣು, ಅನ್ನಿ ಎನ್ನುತ್ತಾರೆ.

ಪಾಷಾ ಜಾಗಕ್ಕೆ ಕಾನೂನು ಜನರಲ್, ಅಮಿರಲ್ ಎಂಬ ಪದವಿಗಳನ್ನು ತಂದಿತು. ಬಾಯಿಮಾತಿನಲ್ಲಿ ಜನರಲ್‌ಗಳು ಇವತ್ತಿಗೂ 'ಪಾಷಾಮ್'. ಎರಡನೇ ಅಧ್ಯಕ್ಷ ಇನೋನು ಕೊನೆತನಕ ಇಸ್ಮೆತ್ ಪಾಷಾ ಆಗಿಯೇ ಇದ್ದರು. ಹೋಜಾ, ಅಂದರೆ ಗುರು, ಮದರಸಾ, ಮಸೀದಿ ದಾಟಿ ಕಾಲೇಜಿಗೆ ಬಂತು. ಪ್ರೊಫೆಸರ್‌ಗೆ 'ಹೋಜಾಮ್' ಅನ್ನುವ ಹುಡುಗರು ಒಬ್ಬರಿಗೊಬ್ಬರೂ ಹಾಗೇ ಅನ್ನುವುದುಂಟು.

ಸರ್ಕಾರಿ ಪತ್ರಗಳಲ್ಲಿ, ಟಿವಿ ಚರ್ಚೆಗಳಲ್ಲಿ 'ಸಾಯಿನ್' ಓಡುತ್ತದೆ, ಅಂದರೆ ಮಾನ್ಯ. ಅದೂ ಸುಮ್ನೆ ಪದವಲ್ಲ. ಜೈಲಿನಲ್ಲಿರುವ ಕುರ್ದ್ ಬಂಡುಕೋರ ನಾಯಕ ಒಜಲಾನ್‌ಗೆ 'ಸಾಯಿನ್' ಅಂದಿದ್ದಕ್ಕೆ ಎಷ್ಟೋ ಜನರ ಮೇಲೆ ಕೇಸು ಬಿತ್ತು. 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅಂಥ ಶಿಕ್ಷೆ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು. ಇತ್ತ 1934ರ ಆ ಕಾನೂನು ಇನ್ನೂ ಜಾರಿಯಲ್ಲಿದೆ. ಸಂವಿಧಾನದ 174ನೇ ವಿಧಿ ಅದಕ್ಕೆ ಕಾವಲು.