ಇಕಾಲುಯಿತ್‌ನಿಂದ ನೂಕ್‌ಗೆ ಎಷ್ಟು ದೂರ?

ಇಕಾಲುಯಿತ್ ಇರುವುದು ಕೆನಡಾದ ಬ್ಯಾಫಿನ್ ದ್ವೀಪದಲ್ಲಿ. ನುನಾವುತ್ ಪ್ರದೇಶದ ರಾಜಧಾನಿ. ಡೇವಿಸ್ ಜಲಸಂಧಿಯ ಆಚೆ ದಡದಲ್ಲಿ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್. ಎರಡೂ ಊರುಗಳಲ್ಲಿ ಹೆಚ್ಚಿನವರು ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನ್ಯೂಟ್ ಮೂಲದವರು, ಆಡುವ ಭಾಷೆಗಳೂ ಒಂದೇ ಬಳಗದವು. ಎರಡಕ್ಕೂ ಬೇರೆ ಊರಿನಿಂದ ರಸ್ತೆಯಿಲ್ಲ. ಚಳಿಗಾಲದಲ್ಲಿ ಇಕಾಲುಯಿತ್‌ನ ಕಡಲು ಹೆಪ್ಪುಗಟ್ಟುವುದರಿಂದ ಆಗ ಹಡಗೂ ಬಾರದು. ಉಳಿಯುವುದು ವಿಮಾನವೊಂದೇ.

ಗೋಡೆಗೆ ತೂಗುಹಾಕುವ, ರೇಖಾಂಶಗಳನ್ನು ಸಮಾಂತರವಾಗಿ ಎಳೆದ ಮರ್ಕೇಟರ್ ನಕಾಶೆಯಲ್ಲಿ ಇವೆರಡರ ನಡುವಿನ ಅಂತರ ದೊಡ್ಡದಾಗಿ ಕಾಣುತ್ತದೆ. ರೇಖಾಂಶಗಳ ವ್ಯತ್ಯಾಸ ಸುಮಾರು 17 ಡಿಗ್ರಿ. ಸಮಭಾಜಕ ವೃತ್ತದ ಮೇಲಾದರೆ ಅದು 1,880 ಕಿ.ಮೀ. ಆಗುತ್ತಿತ್ತು. ಆದರೆ ರೇಖಾಂಶಗಳೆಲ್ಲ ಧ್ರುವದಲ್ಲಿ ಹೋಗಿ ಸೇರಬೇಕು. ಉತ್ತರಕ್ಕೆ ಸಾಗಿದಂತೆ ಅವು ಹತ್ತಿರವಾಗುತ್ತವೆ. ಈ ಎರಡೂ ಊರುಗಳಿರುವ 64 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 49 ಕಿ.ಮೀ. ಮಾತ್ರ. ಹಾಗಾಗಿ ನಿಜವಾದ ದೂರ ಸುಮಾರು 820 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಮುಂಬೈಗೆ ಇರುವ ವಾಯುಮಾರ್ಗದಷ್ಟೇ. ಆ ನಕಾಶೆ ಇದನ್ನು ಎರಡು ಪಟ್ಟಿಗೂ ಮೀರಿ ಹಿಗ್ಗಿಸಿಬಿಡುತ್ತದೆ.

ಇನ್ನು ಹಾರಾಟದ ಸಮಯ. ಈ ದಾರಿಗೆ ಬಳಸಿರುವ ಡ್ಯಾಶ್ 8 ಪ್ರೊಪೆಲ್ಲರ್ ವಿಮಾನದ ವೇಗ ಗಂಟೆಗೆ ಸುಮಾರು 530 ಕಿ.ಮೀ. ಏರುವುದು, ಇಳಿಯುವುದು, ರನ್‌ವೇವರೆಗೆ ಸಾಗುವುದು ಎಲ್ಲ ಸೇರಿ ಎರಡು ಗಂಟೆ ಎನ್ನೋಣ. ಗಾಳಿ ಇದನ್ನು ಏರುಪೇರು ಮಾಡುತ್ತದೆ: ಗಂಟೆಗೆ 60 ಕಿ.ಮೀ. ವೇಗದ ಪಶ್ಚಿಮದ ಗಾಳಿ ಬೀಸುತ್ತಿದ್ದರೆ ಆಗಸದಲ್ಲಿ ನೂಕ್ ಕಡೆಗೆ 83 ನಿಮಿಷ, ಮರಳುವಾಗ 105 ನಿಮಿಷ.

ಗಡಿಯಾರದ ಲೆಕ್ಕ ಇನ್ನೂ ಸೋಜಿಗದ್ದು. ಸೂರ್ಯನ ಪ್ರಕಾರ ಎರಡೂ ಊರುಗಳ ನಡುವೆ ಒಂದು ಗಂಟೆ ಎಂಟು ನಿಮಿಷದ ವ್ಯತ್ಯಾಸವಷ್ಟೇ ಇದೆ. ಗ್ರೀನ್‌ಲ್ಯಾಂಡ್ 2023ರಲ್ಲಿ ಯುರೋಪಿಗೆ ಒಂದು ಗಂಟೆ ಹತ್ತಿರವಾಗುವಂತೆ ತನ್ನ ಸಮಯವಲಯವನ್ನೇ ಬದಲಿಸಿಕೊಂಡಿತು. ಈಗ ವರ್ಷದ ಬಹುಪಾಲು ಎರಡು ಊರುಗಳ ಅಂತರ ಮೂರು ಗಂಟೆ. ನೂಕ್‌ನಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಎರಡು ಗಂಟೆ ಹಾರಿದವರು ಇಕಾಲುಯಿತ್‌ನಲ್ಲಿ ಎಂಟಕ್ಕೇ ಇಳಿಯುತ್ತಾರೆ!

ಆದರೆ ದೂರವನ್ನು ವೇಗದಿಂದ ಭಾಗಿಸಿ ಪಡೆದ ಉತ್ತರ ಇಲ್ಲಿನ ಪ್ರಯಾಣಿಕರಿಗೆ ಬಹುಕಾಲ ಸಿಕ್ಕಿರಲೇ ಇಲ್ಲ. ಸುಮಾರು ಒಂದು ದಶಕ ನೇರ ವಿಮಾನವಿರಲಿಲ್ಲ. ದಕ್ಷಿಣಕ್ಕೆ 2,000 ಕಿ.ಮೀ. ಆಚೆಯ ಕೆನಡಾದ ರಾಜಧಾನಿ ಒಟ್ಟಾವಾಗೆ ಹೋಗಿ, ಅಟ್ಲಾಂಟಿಕ್ ದಾಟಿ ಐಸ್‌ಲ್ಯಾಂಡನ್ನೋ, ಗ್ರೀನ್‌ಲ್ಯಾಂಡ್ ಸೇರಿರುವ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್ನನ್ನೋ ತಲುಪಿ, ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ತಿರುಗಬೇಕಿತ್ತು. ನೂಕ್‌ನ ಹಳೆಯ ರನ್‌ವೇ ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ್ದು, ದೊಡ್ಡ ಜೆಟ್‌ಗಳಿಗೆ ಸಾಲದು. ಅವು ಗ್ರೀನ್‌ಲ್ಯಾಂಡಿನಲ್ಲೇ ಇರುವ ಕಂಗರ್ಲುಸ್ಸುವಾಕ್‌ನ ಹಳೆಯ ಅಮೆರಿಕನ್ ವಾಯುನೆಲೆಯಲ್ಲಿ ಇಳಿಯುತ್ತಿದ್ದವು. ಅಲ್ಲಿ ವಿಮಾನ ಬದಲಿಸಬೇಕಿತ್ತು. ಕೋಪನ್‌ಹೇಗನ್ ಮೂಲಕವಾದರೆ ಒಟ್ಟು ದಾರಿ 10,000 ಕಿ.ಮೀ. ಮೀರುತ್ತಿತ್ತು. ಎದುರು ದಡದ ನೆಂಟರನ್ನು ಕಾಣಲು ಎರಡು ಬಾರಿ ಸಾಗರ ದಾಟಬೇಕೆಂಬುದು ಅನ್ಯಾಯವೇ ಸರಿ. ವಾಯುಮಾರ್ಗಗಳನ್ನು ಎಳೆದದ್ದು ಒಟ್ಟಾವಾ ಮತ್ತು ಕೋಪನ್‌ಹೇಗನ್‌ಗಳ ಆಡಳಿತದ ಅನುಕೂಲ, ಭೂಗೋಳವಲ್ಲ.

2024ರ ಜೂನ್‌ನಲ್ಲಿ ನೇರ ಹಾರಾಟ ಮತ್ತೆ ಶುರುವಾಯಿತು. ಅದೇ ನವೆಂಬರ್‌ನಲ್ಲಿ ನೂಕ್‌ಗೆ 2,200 ಮೀಟರ್ ಉದ್ದದ ಹೊಸ ರನ್‌ವೇ ಬಂತು. ಆದರೆ 2024ರ ಬೇಸಿಗೆಯಲ್ಲಿ ನೇರ ವಿಮಾನವಿದ್ದದ್ದು ವಾರಕ್ಕೊಮ್ಮೆ. ಅದು ತಪ್ಪಿದರೆ ಎರಡು ಗಂಟೆಯ ಪ್ರಯಾಣಕ್ಕೆ ಏಳು ದಿನಗಳ ಕಾಯುವಿಕೆ ಸೇರುತ್ತಿತ್ತು. ಯಾವ ದೂರಮಾಪಕವೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.